ಮನೆ ಮಾರಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟುವ ಕಷ್ಟವನ್ನು ಇಷ್ಟು ಚೆನ್ನಾಗಿ ಬಲ್ಲ ಗಾದೆ ಮಾರುವ ಕಷ್ಟದ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ತಲೆಮಾರುಗಳ ಕಾಲ ಒಂದೇ ಸೂರಿನಡಿ ಬಾಳಿದವರಿಗೆ ಮನೆ ಮಾರುವುದೆಂದರೆ ಮನೆತನವೇ ಮುರಿದು ಬಿದ್ದಂತೆ. ನಾಲ್ಕು ಜನರ ಎದುರು ಆಡುವ ಮಾತು ಅದಾಗಿರಲಿಲ್ಲ.

ಈಗ ಹಾಗಿಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಅಪ್ಪ ಕಟ್ಟಿದ ಹೆಂಚಿನ ಮನೆಯಲ್ಲಿ ಎಪ್ಪತ್ತು ದಾಟಿದ ದಂಪತಿ. ಮೆಟ್ಟಿಲು ಹತ್ತಲು ಮಂಡಿ ಒಪ್ಪುವುದಿಲ್ಲ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ. ಕೊನೆಗೊಂದು ದಿನ ‘ಕೊಟ್ಟುಬಿಡೋಣ’ ಎಂಬ ಮಾತು ಬರುತ್ತದೆ. ಮರುವಾರವೇ ದಲ್ಲಾಳಿಯೊಬ್ಬನ ಹಿಂದೆ ಕೊಳ್ಳುವವರು ಬಂದು ಜಗಲಿಯಲ್ಲಿ ಕೂರುತ್ತಾರೆ. ಕಾಫಿಯಾಗುತ್ತದೆ. ಬಂದವರಲ್ಲಿ ಒಬ್ಬರು ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡುತ್ತಾರೆ, ಇನ್ನೊಬ್ಬರು ಬಾವಿಗೆ ಇಣುಕುತ್ತಾರೆ, ಮತ್ತೊಬ್ಬರು ವಾಸ್ತುವಿನ ಮಾತೆತ್ತಿ ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಬೆಲೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹೊರಡುವ ಹೊತ್ತಿಗೆ, ಚಪ್ಪಲಿ ಮೆಟ್ಟುತ್ತಾ, ‘ನಿಮ್ಮ ಮನಸ್ಸಿನಲ್ಲಿ ಎಷ್ಟಿದೆ?’ ಎಂಬ ಪ್ರಶ್ನೆ ಬರುತ್ತದೆ.

ಈ ಆಟದಲ್ಲಿ ಇಬ್ಬರ ಬಲ ಸಮನಾಗಿಲ್ಲ. ಮನೆಯ ಯಜಮಾನ ಜೀವಮಾನದಲ್ಲಿ ಒಮ್ಮೆ ಮನೆ ಮಾರುತ್ತಾನೆ. ದಲ್ಲಾಳಿಗೆ ಅದು ದಿನನಿತ್ಯದ ಕಸುಬು. ಕೊಳ್ಳುವವನು ಹತ್ತು ಮನೆ ನೋಡಿ ಪಳಗಿದ್ದಾನೆ. ಮಾರುವವನ ಕೈಯಲ್ಲಿ ಬೆಲೆಯೊಂದೇ ಅಸ್ತ್ರ ಎಂಬ ತಪ್ಪು ತಿಳಿವಳಿಕೆಯಿಂದ ಅವನು ಮೊದಲ ಮಾತಿನಲ್ಲೇ ಸೋಲುತ್ತಾನೆ. ಮನೆಯ ಚೌಕಾಶಿ ನಡೆಯುವುದು ಬೆಲೆಯ ಮೇಲೆ ಎಂದು ಕಂಡರೂ ಅದರೊಳಗೆ ಕೆಲಸ ಮಾಡುವುದು ಭಯ. ಪತ್ರ ಸರಿಯಿದೆಯೇ, ನಾಳೆ ಯಾರಾದರೂ ಪಾಲು ಕೇಳಿ ಬರುವರೇ, ಗಡಿ ಎಲ್ಲಿಯವರೆಗೆ, ಹಣ ಕೊಟ್ಟ ಮೇಲೆ ಮನೆ ಖಾಲಿಯಾಗುವುದೇ ಎಂಬ ಭಯಗಳು ಕೊಳ್ಳುವವನಿಗೆ. ಹಣ ಪೂರ್ತಿ ಬರುವುದೇ, ಯಾವಾಗ ಬರುವುದು ಎಂಬ ಭಯ ಮಾರುವವನಿಗೆ. ನಿವಾರಣೆಯಾಗದ ಪ್ರತಿಯೊಂದು ಭಯಕ್ಕೂ ಬೆಲೆಯಲ್ಲಿ ಕಡಿತವಾಗುತ್ತದೆ. ಈ ಸಂಗತಿ ನಮ್ಮ ಹಳೆಯ ಶಾಸ್ತ್ರಕಾರರಿಗೆ ಚೆನ್ನಾಗಿ ಗೊತ್ತಿತ್ತು.

ನಲವತ್ತು ಮನೆಯವರ ಮುಂದೆ

1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಗಿ ಲೋಕಕ್ಕೆ ಗೊತ್ತಾದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಮನೆ ಮಾರುವ ಕ್ರಮಕ್ಕೇ ಮೀಸಲಾದ ಭಾಗವಿದೆ. ಅದರ ಪ್ರಕಾರ ಮನೆ ಕೊಳ್ಳುವ ಮೊದಲ ಅವಕಾಶ ನೆಂಟರಿಗೆ, ಆಮೇಲೆ ನೆರೆಯವರಿಗೆ, ಅನಂತರ ಸಾಲ ಕೊಟ್ಟವರಿಗೆ. ಇವರೆಲ್ಲ ಬೇಡವೆಂದ ಮೇಲಷ್ಟೇ ಹೊರಗಿನವರಿಗೆ. ಮಾರಾಟ ಗುಟ್ಟಾಗಿ ನಡೆಯುವಂತಿಲ್ಲ. ಅಕ್ಕಪಕ್ಕದ ನಲವತ್ತು ಕುಟುಂಬಗಳವರ ಎದುರು, ಮನೆಯ ಮುಂದೆಯೇ, ಗಡಿಯನ್ನು ವಿವರಿಸಿ, ಈ ಬೆಲೆಗೆ ಕೊಳ್ಳುವವರು ಯಾರು ಎಂದು ಮೂರು ಬಾರಿ ಕೂಗಬೇಕು. ಯಾರ ತಕರಾರೂ ಬಾರದಿದ್ದರೆ ಮುಂದೆ ಬಂದವನು ಕೊಳ್ಳಬಹುದು.

ಈ ಪದ್ಧತಿಯ ಜಾಣತನವನ್ನು ಗಮನಿಸಬೇಕು. ಪಾಲುದಾರ ಇದ್ದರೆ ಆ ಕೂಗಿಗೆ ಅವನು ಎದ್ದು ನಿಲ್ಲಲೇಬೇಕು. ಗಡಿಯ ಬಗ್ಗೆ ಜಗಳವಿದ್ದ ನೆರೆಯವನು ಅಲ್ಲೇ ಬಾಯಿ ಬಿಡಬೇಕು. ಸಾಲಗಾರರಿದ್ದರೆ ಅವರೂ ಅಲ್ಲೇ ಇದ್ದಾರೆ. ಇಂದು ವಕೀಲರು ತಿಂಗಳುಗಟ್ಟಲೆ ಕಡತ ಹುಡುಕಿ ಮಾಡುವ ಕೆಲಸವನ್ನು ಮೂರು ಕೂಗುಗಳು ಮಾಡುತ್ತಿದ್ದವು.

ಇನ್ನೊಂದು ನಿಯಮ ಇಂದಿನವರಿಗೆ ಆಶ್ಚರ್ಯ ತರುತ್ತದೆ. ಕೊಳ್ಳುವವರು ಪೈಪೋಟಿಗೆ ಬಿದ್ದು ಬೆಲೆ ಏರಿದರೆ, ಏರಿದ ಹಣ ಮಾರುವವನಿಗಲ್ಲ, ಸುಂಕದ ಜೊತೆಗೆ ರಾಜನ ಬೊಕ್ಕಸಕ್ಕೆ. ಮಾರುವವನಿಗೆ ತಾನು ಕೂಗಿದ ಬೆಲೆಯಷ್ಟೇ ದಕ್ಕುತ್ತಿತ್ತು. ಆದ್ದರಿಂದ ಒಬ್ಬನನ್ನು ತೋರಿಸಿ ಇನ್ನೊಬ್ಬನಿಂದ ಹೆಚ್ಚು ಹಣ ಕೀಳುವ ಉಪಾಯಕ್ಕೆ ಅಲ್ಲಿ ಅರ್ಥವೇ ಇರಲಿಲ್ಲ. ‘ನಿನ್ನೆ ಇನ್ನೊಬ್ಬರು ಬಂದಿದ್ದರು, ನಿಮಗಿಂತ ಎರಡು ಲಕ್ಷ ಹೆಚ್ಚು ಹೇಳಿದರು’ ಎಂಬ ಇಂದಿನ ಮಾಮೂಲು ಮಾತನ್ನು ಕೌಟಿಲ್ಯ ಬುಡದಲ್ಲೇ ಕತ್ತರಿಸಿದ್ದ.

ಕಲ್ಯಾಣದಲ್ಲಿ ಬರೆದ ಆರು ಸಂಗತಿಗಳು

ಇದೇ ವಿಚಾರ ಮತ್ತೆ ಎದುರಾಗುವುದು ಕನ್ನಡನಾಡಿನಲ್ಲೇ ಬರೆದ ಗ್ರಂಥವೊಂದರಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವಿನ ಅವಧಿಯಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದನು. ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ನ್ಯಾಯಕ್ಕೆ ಅದೇ ಆಧಾರವಾಯಿತು. ಭೂಮಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಆರು ಸಂಗತಿಗಳು ಬೇಕೆಂಬ ಹಳೆಯ ಮಾತನ್ನು ಅದರಲ್ಲಿ ಚರ್ಚಿಸಲಾಗಿದೆ: ಊರಿನವರ ಒಪ್ಪಿಗೆ, ಜ್ಞಾತಿಗಳ ಒಪ್ಪಿಗೆ, ನೆರೆಯವರ ಒಪ್ಪಿಗೆ, ದಾಯಾದರ ಒಪ್ಪಿಗೆ, ಚಿನ್ನ ಮತ್ತು ನೀರು.

ವಿಜ್ಞಾನೇಶ್ವರನ ವಿವರಣೆ ಬಲು ವ್ಯಾವಹಾರಿಕವಾಗಿದೆ. ಊರಿನವರು ಒಪ್ಪದಿದ್ದರೆ ಮಾರಾಟವೇ ನಡೆಯದು ಎಂದಲ್ಲ. ವ್ಯವಹಾರ ಎಲ್ಲರಿಗೂ ಗೊತ್ತಾಗಲಿ ಎಂದು ಅವರ ಒಪ್ಪಿಗೆ. ನೆರೆಯವರ ಒಪ್ಪಿಗೆ ಗಡಿಯ ಜಗಳ ಹುಟ್ಟದಿರಲೆಂದು. ಜ್ಞಾತಿಗಳದ್ದು, ಆಸ್ತಿ ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳದಿರಲೆಂದು. ಚಿನ್ನ ಮತ್ತು ನೀರಿನ ಕಾರಣವೇ ಬೇರೆ. ಸ್ಥಿರಾಸ್ತಿಯನ್ನು ಮಾರಬಾರದು ಎಂಬ ವಿಧಿಯೂ ಇತ್ತು, ಆದರೆ ಜನ ಮಾರುತ್ತಲೂ ಇದ್ದರು. ಹಾಗಾಗಿ ಮಾರಾಟವನ್ನೇ ದಾನದ ರೂಪದಲ್ಲಿ, ಚಿನ್ನವಿಟ್ಟು ನೀರು ಬಿಟ್ಟು ನಡೆಸಬೇಕೆಂಬ ದಾರಿ ಕಂಡುಕೊಳ್ಳಲಾಯಿತು.

ಈ ಆರರಲ್ಲಿ ಬೆಲೆಯ ಪ್ರಸ್ತಾಪವೇ ಇಲ್ಲ. ಮೊದಲ ನಾಲ್ಕೂ ಕೊಳ್ಳುವವನ ಸಂಶಯವನ್ನು ಒಂದೊಂದಾಗಿ ತೆಗೆಯುವ ಏರ್ಪಾಡುಗಳು. ಇಂದು ಆ ನಾಲ್ಕರ ಜಾಗದಲ್ಲಿ ಕಾಗದಗಳು ಬಂದಿವೆ. ಊರಿನವರ ಜಾಗದಲ್ಲಿ ಉಪನೋಂದಣಿ ಕಚೇರಿಯ ಋಣಭಾರ ಪತ್ರ, ನೆರೆಯವರ ಜಾಗದಲ್ಲಿ ಚೆಕ್ಕುಬಂದಿ ಮತ್ತು ಅಳತೆಯ ನಕ್ಷೆ, ಜ್ಞಾತಿಗಳ ಜಾಗದಲ್ಲಿ ವಿಭಾಗಪತ್ರ ಮತ್ತು ವಂಶವೃಕ್ಷ. ದಾಯಾದರ ಜಾಗದಲ್ಲಿ ಮಾತ್ರ ಇವತ್ತಿಗೂ ದಾಯಾದರೇ ಬೇಕು.

ಸಹಿ ಯಾರದು?

ಕುದುರಿದ ವ್ಯಾಪಾರ ಮುರಿದು ಬೀಳುವುದು ಬಹುಮಟ್ಟಿಗೆ ಇಲ್ಲೇ. ಅಪ್ಪ ತಾನೇ ದುಡಿದು ಕೊಂಡ ಮನೆಯಾದರೆ ಅಪ್ಪನ ಸಹಿ ಸಾಕು. ಅಜ್ಜನಿಂದ ಬಂದ ಮನೆಯಾದರೆ, ಅಥವಾ ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಮಾತು ಬೇರೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು, ಆಗ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಆದರೂ ಅಣ್ಣತಮ್ಮಂದಿರು ಕುಳಿತು ಬೆಲೆ ಮುಗಿಸಿ, ಮುಂಗಡ ಪಡೆದು, ನೋಂದಣಿಯ ಹಿಂದಿನ ದಿನ ಅಕ್ಕನಿಗೆ ಫೋನು ಮಾಡುವ ಮನೆಗಳು ಇಂದಿಗೂ ಉಂಟು. ‘ಒಂದು ಸಹಿ ಹಾಕಿ ಹೋಗು’ ಎಂಬ ಆ ಕರೆಗೆ ಸಿಗುವ ಉತ್ತರ ಯಾವಾಗಲೂ ಹಿತವಾಗಿರುವುದಿಲ್ಲ. ಅಷ್ಟು ಹೊತ್ತಿಗೆ ಕೊಳ್ಳುವವನಿಗೆ ವಿಷಯ ತಿಳಿದಿರುತ್ತದೆ. ಸಹಿಗಾಗಿ ಹೆಣಗುತ್ತಿರುವ ಕುಟುಂಬದ ಎದುರು ಅವನು ಬೆಲೆಯನ್ನು ಮತ್ತೆ ತೆರೆಯುತ್ತಾನೆ. ಅಕ್ಕನನ್ನು ಮೊದಲೇ ಜಗಲಿಗೆ ಕರೆದು ಕೂರಿಸಿಕೊಂಡಿದ್ದರೆ ನ್ಯಾಯವೂ ಆಗುತ್ತಿತ್ತು, ಬೆಲೆಯೂ ಉಳಿಯುತ್ತಿತ್ತು.

ನೆಂಟರಿಗೆ ಮೊದಲ ಅವಕಾಶ ಎಂಬ ಕೌಟಿಲ್ಯನ ನಿಯಮವೂ ಪೂರ್ತಿ ಸತ್ತಿಲ್ಲ. ಒಟ್ಟಿಗೆ ಉತ್ತರಾಧಿಕಾರ ಪಡೆದ ಹತ್ತಿರದ ವಾರಸುದಾರರಲ್ಲಿ ಒಬ್ಬನು ತನ್ನ ಪಾಲನ್ನು ಮಾರಹೊರಟರೆ ಉಳಿದವರಿಗೆ ಕೊಳ್ಳುವ ಆದ್ಯತೆಯನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಕೊಟ್ಟಿದೆ. ಕೂಡುಕುಟುಂಬದ ವಾಸದ ಮನೆಯಲ್ಲಿ ಹೊರಗಿನವನೊಬ್ಬ ಒಬ್ಬರ ಪಾಲನ್ನು ಕೊಂಡು ವಿಭಾಗ ಕೇಳಿದರೆ, ಆ ಪಾಲನ್ನು ಬೆಲೆಕಟ್ಟಿಸಿ ಮರಳಿ ಪಡೆಯುವ ಹಕ್ಕು ಕುಟುಂಬದವರಿಗೆ 1893ರ ವಿಭಾಗ ಕಾಯ್ದೆಯಿಂದ ಬಂದಿದೆ.

ಟವಲಿನ ಕೆಳಗಿನ ಬೆರಳು

ಇನ್ನು ಬೆಲೆ. ದನದ ಜಾತ್ರೆಗಳಲ್ಲಿ ಚೌಕಾಶಿ ನಡೆಯುವುದು ಟವಲಿನ ಕೆಳಗೆ. ಮಾರುವವನ ಬೆರಳುಗಳನ್ನು ದಲ್ಲಾಳಿ ಬಟ್ಟೆಯ ಮರೆಯಲ್ಲಿ ಹಿಡಿದು, ಒತ್ತಿ, ಮಡಿಸಿ ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಅಂಕಿ ತಿಳಿಯುವುದಿಲ್ಲ; ಒಪ್ಪದೆ ಹೋದರೆ ಯಾರ ಮಾನವೂ ಹೋಗುವುದಿಲ್ಲ. ಮನೆಯ ವ್ಯಾಪಾರಕ್ಕೂ ಇದೇ ಗುಟ್ಟು ಬೇಕೆಂದು ಅನೇಕರು ಬಗೆಯುತ್ತಾರೆ. ಆದರೆ ಮನೆಯ ಬೆಲೆಯ ಸುತ್ತ ಆಗಲೇ ಮೂರು ಅಂಕಿಗಳು ಓಡಾಡುತ್ತಿರುತ್ತವೆ.

ಮೊದಲನೆಯದು ಸರ್ಕಾರದ ಮಾರ್ಗಸೂಚಿ ಬೆಲೆ. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ಇದನ್ನು ರಾಜ್ಯದಾದ್ಯಂತ ಪರಿಷ್ಕರಿಸಲಾಯಿತು. ಯಾರು ಬೇಕಾದರೂ ಇದನ್ನು ತಿಳಿಯಬಹುದು. ಎರಡನೆಯದು ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಮನೆಯ ಬೆಲೆ. ಮೂರನೆಯದು ಯಜಮಾನನ ಮನಸ್ಸಿನಲ್ಲಿರುವುದು. ಇದರಲ್ಲಿ ಹೆಂಡತಿಯ ಬಳೆ ಅಡವಿಟ್ಟು ತಾರಸಿ ಹಾಕಿಸಿದ ನೆನಪೂ ಸೇರಿರುತ್ತದೆ. ಕೊಳ್ಳುವವನು ಮೊದಲ ಎರಡನ್ನು ತಿಳಿದೇ ಬಂದಿರುತ್ತಾನೆ. ಮಾರುವವನು ಮೂರನೆಯದನ್ನು ಮಾತ್ರ ಹಿಡಿದು ಕುಳಿತರೆ ಮಾತುಕತೆ ಮುಂದೆ ಹೋಗುವುದಿಲ್ಲ.

ಕೊಳ್ಳುವವನು ಯಾವ ಬಗೆಯವನು ಎಂಬುದರ ಮೇಲೂ ಬೆಲೆ ನಿಂತಿದೆ. ಮನೆ ಕೆಡವಿ ಹೊಸದು ಎಬ್ಬಿಸುವವನಿಗೆ ತೇಗದ ತೊಲೆಯ ಗುಣಗಾನದಿಂದ ಪ್ರಯೋಜನವಿಲ್ಲ. ಅವನ ಕಣ್ಣು ನಿವೇಶನದ ಅಗಲ ಮತ್ತು ಮುಂದಿನ ರಸ್ತೆಯ ಮೇಲೆ. ಅದೇ ಮನೆಯಲ್ಲಿ ವಾಸಿಸಲು ಬಂದವನಿಗೆ ಬಾವಿಯಲ್ಲಿ ಏಪ್ರಿಲ್ ತಿಂಗಳಲ್ಲೂ ನೀರಿದೆ ಎಂಬ ಮಾತು ಒಂದು ಲಕ್ಷ ಬಾಳುತ್ತದೆ. ಎಷ್ಟು ಕೊಡುತ್ತೀರಿ ಎನ್ನುವ ಮುಂಚೆ ಏನು ಮಾಡುತ್ತೀರಿ ಎಂದು ಕೇಳಿಕೊಳ್ಳುವುದು ಲೇಸು.

ಕೊಳ್ಳುವವನ ಜೇಬಿನ ಲೆಕ್ಕವೂ ಗೊತ್ತಿರಬೇಕು. 45 ಲಕ್ಷ ಮೀರಿದ ಆಸ್ತಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕವೇ ನೂರಕ್ಕೆ 5, ಮೇಲೆ ಉಪಕರಗಳು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಯಿತು. 60 ಲಕ್ಷಕ್ಕೆ ಮನೆ ಕೊಳ್ಳುವವನು ಬೆಲೆಯ ಮೇಲೆ ಇನ್ನೂ ನಾಲ್ಕು ಲಕ್ಷಕ್ಕಿಂತ ಹೆಚ್ಚು ಹೊಂದಿಸಬೇಕು. ಅವನು ಬೆಲೆ ಜಗ್ಗುವುದು ಜಿಪುಣತನದಿಂದಲೇ ಆಗಬೇಕಾಗಿಲ್ಲ.

ಮೊದಲು ಅಂಕಿ ಹೇಳಬೇಕಾದವರು ಯಾರು ಎಂಬ ಬಗ್ಗೆ ದಲ್ಲಾಳಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಬೀದಿಯ ಬೆಲೆ ಗೊತ್ತಿಲ್ಲದವನು ಸುಮ್ಮನಿರುವುದು ಮೇಲು. ಗೊತ್ತಿರುವವನು ತಾನೇ ಹೇಳುವುದು ಮೇಲು, ಏಕೆಂದರೆ ಮುಂದಿನ ಮಾತೆಲ್ಲ ಮೊದಲು ಕೇಳಿಬಂದ ಅಂಕಿಯ ಸುತ್ತಲೇ ಸುತ್ತುತ್ತದೆ. ಎರಡೂ ಸಂದರ್ಭದಲ್ಲಿ, ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಅಂಕಿಯನ್ನು ಮನೆಯವರೆಲ್ಲ ಕೂಡಿ ಮೊದಲೇ ನಿಶ್ಚಯಿಸಿ, ಹೊರಗೆ ಬಿಡದಿರಬೇಕು. ಮುಂದೆ ಹೋಗಿ ನೆಲೆಸುವ ಮನೆಗೆ ಎಷ್ಟು ಬೇಕು ಎಂಬ ಲೆಕ್ಕದಿಂದ ಆ ಅಂಕಿ ಹುಟ್ಟಬೇಕು.

ಅಂಕಿಯ ಜೊತೆ ದಿನವನ್ನೂ ಎಣಿಸಬೇಕು. ಒಬ್ಬನು 60 ಲಕ್ಷ ಹೇಳಿ, 10 ಲಕ್ಷ ಮುಂಗಡ ಕೊಟ್ಟು, ಉಳಿದ 50 ಲಕ್ಷಕ್ಕೆ ಆರು ತಿಂಗಳ ಗಡುವು ಕೇಳುತ್ತಾನೆ ಎನ್ನೋಣ. ಇನ್ನೊಬ್ಬನು 58 ಲಕ್ಷವನ್ನು ಈಗಲೇ ಕೊಡುತ್ತೇನೆ ಎನ್ನುತ್ತಾನೆ. ವರ್ಷಕ್ಕೆ ನೂರಕ್ಕೆ 8ರ ಬಡ್ಡಿಯಲ್ಲಿ 50 ಲಕ್ಷಕ್ಕೆ ಆರು ತಿಂಗಳಲ್ಲಿ ಎರಡು ಲಕ್ಷವಾಗುತ್ತದೆ. ಎರಡೂ ಬೆಲೆಗಳು ಸಮವೇ. ಎರಡನೆಯದರಲ್ಲಿ ಆರು ತಿಂಗಳ ಆತಂಕ ಇಲ್ಲ.

ಬೀಗ, ಕೀಲಿ, ಬಾಗಿಲು

ಮನೆ ಮಾರಿದೆ ಎಂದರೆ ಏನನ್ನು ಮಾರಿದಂತಾಯಿತು? ವಿಜಯನಗರ ಕಾಲದ ಶಾಸನಗಳಲ್ಲಿ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳು. ನೆಲದಡಿ ಹೂತಿರುವುದು, ಅಲ್ಲಿನ ನೀರು, ಕಲ್ಲು, ಈಗಿರುವ ಹುಟ್ಟುವಳಿ, ಮುಂದೆ ಬರಬಹುದಾದದ್ದು ಎಲ್ಲವೂ ಸೇರಿ ಪಡೆದವನಿಗೆ ಎಂಬುದು ತಾತ್ಪರ್ಯ. ಮುಂದೆ ಜಗಳ ಬಾರದಂತೆ ಬಿಡಿಬಿಡಿಯಾಗಿ ಹೆಸರಿಸುವ ಎಚ್ಚರ ಅದರಲ್ಲಿದೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ಅದೇ ಎಚ್ಚರವನ್ನು ವಹಿಸಿದೆ. ಬೇರೆ ಮಾತು ಆಗಿರದಿದ್ದರೆ, ಮನೆಯ ಜೊತೆಗೆ ಅದರ ಬೀಗ, ಕೀಲಿ, ಅಗುಳಿ, ಬಾಗಿಲು, ಕಿಟಕಿ ಹಾಗೂ ಮನೆಯ ಕಾಯಂ ಬಳಕೆಗೆಂದು ಇರುವ ಎಲ್ಲವೂ ಕೊಂಡವನಿಗೆ ಸೇರುತ್ತವೆ ಎಂದು ಅದು ಹೇಳುತ್ತದೆ. ಹಳೆಯ ಮನೆಗಳಲ್ಲಿ ಕೆತ್ತನೆಯ ಬಾಗಿಲುವಾಡ, ತೂಗುಮಣೆ, ಒರಳುಕಲ್ಲು, ಬಾವಿಯ ರಾಟೆ ಇವುಗಳ ಬಗ್ಗೆಯೇ ಕೊನೆಯ ಗಳಿಗೆಯಲ್ಲಿ ಮನಸ್ತಾಪ. ಮಗಳ ಮನೆಗೆ ತೂಗುಮಣೆ ಒಯ್ಯಬೇಕೆಂದಿದ್ದರೆ ಅದನ್ನು ಕರಾರುಪತ್ರದಲ್ಲಿ ಒಂದು ಸಾಲಾಗಿ ಬರೆಯಿಸಬೇಕು. ಬೆಲೆ ಕುದುರುವ ಮುಂಚೆ ಕೇಳಿದರೆ ಅದು ಸಣ್ಣ ಕೋರಿಕೆ, ಕುದುರಿದ ಮೇಲೆ ಕೇಳಿದರೆ ತಕರಾರು.

ಕೊರತೆಗಳ ವಿಷಯವೂ ಹೀಗೆಯೇ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ತಿಳಿಯದ, ಮಾರುವವನಿಗೆ ತಿಳಿದಿರುವ ಮುಖ್ಯ ದೋಷಗಳನ್ನು ಹೇಳುವ ಹೊಣೆಯನ್ನು ಅದೇ ಕಾಯ್ದೆ ಮಾರುವವನ ಮೇಲೆ ಹೊರಿಸಿದೆ. ಬಾಯಿ ಮುಚ್ಚಿಕೊಂಡಿದ್ದರೆ ಲಾಭ ಎಂಬುದು ಹಳೆಯ ನಂಬಿಕೆ. ಆದರೆ ಮಳೆಗಾಲದಲ್ಲಿ ಹಿತ್ತಿಲ ಗೋಡೆ ಸೋರುತ್ತದೆ ಎಂದು ತಾನಾಗಿಯೇ ಹೇಳಿದವನ ಉಳಿದ ಮಾತುಗಳನ್ನು ಕೊಳ್ಳುವವನು ನಂಬುತ್ತಾನೆ. ಸೋರುವ ಗೋಡೆಗೆ ಹತ್ತು ಸಾವಿರ ಬಿಟ್ಟುಕೊಟ್ಟವನು ಇಡೀ ಮನೆಯ ಮೇಲಿನ ಗುಮಾನಿಯನ್ನು ತೆಗೆದಿರುತ್ತಾನೆ.

ಕಪ್ಪು ಮತ್ತು ಬಿಳುಪು

ಬೆಲೆ ಒಪ್ಪಿಗೆಯಾದ ಮೇಲೆ ದಲ್ಲಾಳಿ ಧ್ವನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: ‘ಬಿಳಿ ಎಷ್ಟು?’ ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ಈ ರೂಢಿ ಇಬ್ಬರಿಗೂ ತೆರಿಗೆ ಉಳಿಸುತ್ತದೆಂದು ಹೇಳಲಾಗುತ್ತದೆ. ಅಪಾಯದ ಹೆಚ್ಚಿನ ಪಾಲು ಬೀಳುವುದು ಮಾರುವವನ ಮೇಲೆ. 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು, ಮುಂಗಡವಾಗಿಯೇ ಆಗಲಿ, ನಗದಾಗಿ ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಪತ್ರದ ಬೆಲೆ ಮಾರ್ಗಸೂಚಿ ಬೆಲೆಗಿಂತ ತೀರ ಕೆಳಗಿದ್ದರೆ ಲಾಭದ ತೆರಿಗೆಯನ್ನು ಮಾರ್ಗಸೂಚಿ ಬೆಲೆಯ ಮೇಲೆಯೇ ಲೆಕ್ಕ ಹಾಕಲಾಗುತ್ತದೆ.

ವ್ಯಾಪಾರ ಮುರಿದರೆ ನಗದಿಗೆ ಸಾಕ್ಷಿಯಿಲ್ಲ. ಬ್ಯಾಂಕಿನ ಸಾಲದಿಂದ ಕೊಳ್ಳುವವನಿಗೆ ಪತ್ರದಲ್ಲಿ ಪೂರ್ತಿ ಬೆಲೆ ಇರುವುದೇ ಅನುಕೂಲ, ಏಕೆಂದರೆ ಬ್ಯಾಂಕು ನೋಡುವುದು ಪತ್ರವನ್ನು. ‘ಎಲ್ಲವೂ ಬಿಳಿ’ ಎಂದು ಮೊದಲ ದಿನವೇ ಹೇಳುವ ಯಜಮಾನನ ಬಳಿ ಬರುವವರ ಸಂಖ್ಯೆ ಕಡಿಮೆಯಾಗಬಹುದು, ಬಂದವರು ನಿಲ್ಲುತ್ತಾರೆ. ಬೆಲೆ 50 ಲಕ್ಷ ಅಥವಾ ಅದಕ್ಕೆ ಮೀರಿದ್ದರೆ ಕೊಳ್ಳುವವನು ನೂರಕ್ಕೆ 1ರಂತೆ ಹಿಡಿದು ಮಾರುವವನ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ನಿಯಮ 2013ರಿಂದ ಇದೆ. ಇದನ್ನು ತಿಳಿಯದೆ ಕಡೆಯ ದಿನ ‘ನಮ್ಮ ಹಣದಲ್ಲಿ ಅರವತ್ತು ಸಾವಿರ ಕಡಿಮೆ ಬಂತು’ ಎಂದು ಜಗಳಕ್ಕೆ ನಿಂತವರುಂಟು.

ಸಂಚಕಾರ ಎಂಬ ಮಾತು

ಮುಂಗಡಕ್ಕೆ ಕನ್ನಡದಲ್ಲಿ ಸಂಚಕಾರ ಎಂಬ ಹಳೆಯ ಹೆಸರಿದೆ. ಇಂದು ‘ಪ್ರಾಣಕ್ಕೆ ಸಂಚಕಾರ ಬಂತು’ ಎನ್ನುವಾಗಷ್ಟೇ ಈ ಪದ ಕಿವಿಗೆ ಬೀಳುತ್ತದೆ. ಅಪಾಯ ಎಂಬುದೇ ಅದರ ಅರ್ಥ ಎಂದು ಬಹುತೇಕರು ತಿಳಿದಿದ್ದಾರೆ. ವಾಸ್ತವವಾಗಿ ಇದು ಸಂಸ್ಕೃತದ ‘ಸತ್ಯಂಕಾರ’ ಎಂಬುದರ ತದ್ಭವ. ಸತ್ಯಂಕಾರವೆಂದರೆ ಸತ್ಯ ಮಾಡುವುದು, ಆಡಿದ ಮಾತನ್ನು ನಿಜ ಮಾಡಲು ಕೊಡುವ ಒತ್ತೆ. ಪ್ರಾಣವನ್ನೇ ಸಂಚಕಾರವಾಗಿ ಇಟ್ಟಂತಹ ಇಕ್ಕಟ್ಟಿನಿಂದ ಅಪಾಯದ ಅರ್ಥ ಮೂಡಿರಬೇಕು.

ಸತ್ಯಂಕಾರವಾಗಿ ಕೊಟ್ಟದ್ದನ್ನು ಮಾತಿಗೆ ತಪ್ಪಿದರೆ ಇಮ್ಮಡಿಯಾಗಿ ಹಿಂದಿರುಗಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಇದಕ್ಕೂ ಕಲ್ಯಾಣದ ವಿಜ್ಞಾನೇಶ್ವರ ವಿವರಣೆ ಕೊಟ್ಟಿದ್ದಾನೆ. ಕೊಳ್ಳುವ ಮಾರುವ ಮಾತು ನಿಲ್ಲಲೆಂದು ಒಬ್ಬನು ಇನ್ನೊಬ್ಬನ ಕೈಗೆ ಉಂಗುರದಂತಹ ಒಡವೆಯನ್ನು ಕೊಡುತ್ತಾನೆ. ಕೊಟ್ಟವನೇ ಮಾತಿಗೆ ತಪ್ಪಿದರೆ ಉಂಗುರ ಹೋಯಿತು; ಪಡೆದವನು ತಪ್ಪಿದರೆ ಎರಡರಷ್ಟು ತೆರಬೇಕು. ಒಂಬತ್ತು ಶತಮಾನಗಳು ಕಳೆದಿವೆ. ಕೊಳ್ಳುವವನು ತಪ್ಪಿದರೆ ಮುಂಗಡ ಮುಟ್ಟುಗೋಲು, ಮಾರುವವನು ತಪ್ಪಿದರೆ ದುಪ್ಪಟ್ಟು ವಾಪಸು ಎಂಬ ಷರತ್ತು ಇಂದಿನ ಕರಾರುಪತ್ರಗಳಲ್ಲಿ ಹಾಗೆಯೇ ಕಾಣಿಸಿಕೊಳ್ಳುತ್ತದೆ.

ಆದರೆ ಇಂದಿನ ಕಾನೂನು ಎರಡೂ ಕಡೆ ಆ ಷರತ್ತನ್ನು ಮುಟ್ಟಿ ನೋಡುತ್ತದೆ. 1949ರಲ್ಲಿ ದೆಹಲಿಯ ಒಂದು ಬಂಗಲೆಯನ್ನು 1,12,500 ರೂಪಾಯಿಗೆ ಮಾರುವ ಕರಾರಾಗಿತ್ತು. ಸಂಚಕಾರವೆಂದು 1,000, ಬೆಲೆಯ ಭಾಗವೆಂದು 24,000 ಸಂದಾಯವಾಗಿತ್ತು. ವ್ಯಾಪಾರ ಮುರಿದಾಗ ಮಾರಿದವನು ಅಷ್ಟೂ ಹಣವನ್ನು ಇಟ್ಟುಕೊಳ್ಳಲು ಹೊರಟ. ಸಂಚಕಾರದ 1,000 ಮುಟ್ಟುಗೋಲಾಗಬಹುದು, ಉಳಿದದ್ದನ್ನು ಷರತ್ತಿನ ಬಲದಿಂದಷ್ಟೇ ನುಂಗಲಾಗದು, ನಷ್ಟಕ್ಕೆ ತಕ್ಕ ಪರಿಹಾರ ಮಾತ್ರ ಎಂಬ ನಿಲುವನ್ನು 1963ರಲ್ಲಿ ಸುಪ್ರೀಂ ಕೋರ್ಟ್ ತಳೆಯಿತು. ಯಾವುದು ಸಂಚಕಾರ, ಯಾವುದು ಬೆಲೆಯ ಕಂತು ಎಂಬುದನ್ನು ಬಿಡಿಸಿ ಬರೆಯಬೇಕಾದ ಅಗತ್ಯ ಇದರಿಂದ ತಿಳಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದುಬಾರಿ. ಹೆಚ್ಚು ಕೊಡುವವನು ಸಿಕ್ಕರೆ ಮೊದಲಿನವನಿಗೆ ದುಪ್ಪಟ್ಟು ಎಸೆದು ಕೈತೊಳೆದುಕೊಳ್ಳಬಹುದು ಎಂದು ಎಷ್ಟೋ ಮನೆಯೊಡೆಯರು ಭಾವಿಸಿದ್ದಾರೆ. ಕರಾರುಪತ್ರದಿಂದಲೇ ಮನೆ ಕೊಳ್ಳುವವನದಾಗುವುದಿಲ್ಲ ಎಂಬುದು ನಿಜ. ಅದಕ್ಕೆ ನೋಂದಾಯಿತ ಕ್ರಯಪತ್ರ ಬೇಕು. ಆದರೆ ಕರಾರಿನಂತೆ ಮಾರಿಕೊಡಿ ಎಂದು ಅವನು ನ್ಯಾಯಾಲಯಕ್ಕೆ ಹೋಗಬಹುದು. ಪತ್ರದಲ್ಲಿ ದಂಡದ ಮೊತ್ತ ಬರೆದಿದೆ ಎಂಬುದಷ್ಟೇ ಅದಕ್ಕೆ ಅಡ್ಡಿಯಾಗುವುದಿಲ್ಲ. ಅಂತಹ ಆದೇಶ ಕೊಡುವುದು ಬಿಡುವುದು ಮೊದಲು ನ್ಯಾಯಾಧೀಶರ ವಿವೇಚನೆಗೆ ಸೇರಿತ್ತು. 2018ರ ತಿದ್ದುಪಡಿ ಆ ವಿವೇಚನೆಯನ್ನು ಬಹಳ ಕಿರಿದಾಗಿಸಿತು. ಹಣ ಕೊಟ್ಟು ಹಿಂದೆ ಸರಿಯುವ ಆಯ್ಕೆ ಬೇಕೆಂದರೆ ಅದು ದಂಡವಲ್ಲ, ಆಯ್ಕೆ ಎಂದೇ ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಇಲ್ಲವಾದರೆ ಸಂಚಕಾರ ಪಡೆದ ಕ್ಷಣದಲ್ಲೇ ಚೌಕಾಶಿ ಮುಗಿದಿದೆ ಎಂದು ತಿಳಿಯುವುದು ಕ್ಷೇಮ.

ಗಡುವಿಗೂ ಇದೇ ಗಾಂಭೀರ್ಯ ಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ ಗಡುವು ದಾಟಿದ ಮಾತ್ರಕ್ಕೆ ಕರಾರು ಬೀಳುವುದಿಲ್ಲ ಎಂಬುದು ನ್ಯಾಯಾಲಯಗಳು ಬಹುಕಾಲ ಹಿಡಿದ ದಾರಿ. ಬೆಲೆಗಳು ನಾಗಾಲೋಟದಲ್ಲಿ ಏರುವ ಕಾಲದಲ್ಲಿ ಆ ದಾರಿಯನ್ನು ಮರುಪರಿಶೀಲಿಸಬೇಕಾಗಿದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು. ಹಾಗೆಂದು ನ್ಯಾಯಾಲಯವನ್ನು ನೆಚ್ಚಿ ಕೂರಬಾರದು. ಗಡುವೇ ಈ ಕರಾರಿನ ಜೀವಾಳ, ದಾಟಿದರೆ ಹೀಗಾಗುತ್ತದೆ ಎಂದು ಪತ್ರದಲ್ಲೇ ಬರೆದಿದ್ದರೆ ಮುದಿ ದಂಪತಿ ಕೋರ್ಟು ಕಚೇರಿ ಅಲೆಯುವುದು ತಪ್ಪೀತು.

ಕೀಲಿ ಕೊಡುವ ದಿನ

ಕ್ರಯಪತ್ರದ ನೋಂದಣಿಯಾದ ಮೇಲೂ ಒಂದು ಮಾತು ಉಳಿದಿರುತ್ತದೆ. ಮನೆ ಖಾಲಿ ಮಾಡುವುದು ಎಂದು? ನಲವತ್ತು ವರ್ಷದ ಸಂಸಾರವನ್ನು ಒಂದು ದಿನದಲ್ಲಿ ಎತ್ತಲಾಗದು. ದೇವರ ಕೋಣೆಯ ಪೆಟ್ಟಿಗೆಯಿಂದ ಹಿಡಿದು ಅಟ್ಟದ ಮೇಲಿನ ಹಿತ್ತಾಳೆ ಹಂಡೆಯವರೆಗೆ ಎಲ್ಲಕ್ಕೂ ಒಂದು ಜಾಗ ಹುಡುಕಬೇಕು. ನೋಂದಣಿಯ ಅನಂತರ ಒಂದು ತಿಂಗಳು ಇರಲು ಅವಕಾಶ, ಅದಕ್ಕೆ ತಕ್ಕಂತೆ ಬೆಲೆಯಲ್ಲಿ ಸಣ್ಣ ಮೊತ್ತವನ್ನು ಕೀಲಿ ಕೊಡುವ ದಿನಕ್ಕೆ ಉಳಿಸಿಕೊಳ್ಳುವುದು ಎಂಬ ಷರತ್ತು ಇಬ್ಬರ ಭಯವನ್ನೂ ತೆಗೆಯುತ್ತದೆ. ಮೊದಲ ದಿನವೇ ಕೇಳಿದರೆ ಇದನ್ನು ನಿರಾಕರಿಸುವವರು ವಿರಳ. ಎಷ್ಟೋ ಹಿರಿಯರು ಸಂಕೋಚದಿಂದ ಇದನ್ನು ಕೇಳುವುದೇ ಇಲ್ಲ. ಐವತ್ತು ಸಾವಿರಕ್ಕಾಗಿ ಮೂರು ಸಂಜೆ ಜಗ್ಗಾಡಿದವರು ತಮಗೆ ನಿಜವಾಗಿ ಬೇಕಾಗಿದ್ದ ಒಂದು ತಿಂಗಳನ್ನು ಬಾಯಿಬಿಡದೆ ಕಳೆದುಕೊಳ್ಳುತ್ತಾರೆ.

ನಲವತ್ತು ಮನೆಯವರನ್ನು ಕರೆದು ಮೂರು ಬಾರಿ ಕೂಗುವ ಪದ್ಧತಿ ಮರಳಿ ಬರುವುದಿಲ್ಲ. ಆದರೆ ಒಂದು ಸಂಜೆ ಮಕ್ಕಳನ್ನೆಲ್ಲ, ಹೆಣ್ಣುಮಕ್ಕಳನ್ನೂ ಸೇರಿಸಿ, ಕೂರಿಸಿಕೊಂಡು ಮೂಲಪತ್ರ, ಖಾತೆ, ತೆರಿಗೆಯ ರಸೀದಿ, ಋಣಭಾರ ಪತ್ರಗಳನ್ನು ಜಗಲಿಯ ಮೇಲೆ ಹರಡಿ ನೋಡಬಹುದು. ಪಕ್ಕದ ಮನೆಯವರನ್ನು ಕರೆದು ಕಾಂಪೌಂಡಿನ ಗೆರೆ ಎಲ್ಲಿದೆ ಎಂದು ಒಮ್ಮೆ ಕೇಳಬಹುದು. ಕೊಳ್ಳುವ ಆಸೆ ಅವರಿಗೇ ಇದ್ದರೂ ಇರಬಹುದು. ದಲ್ಲಾಳಿಗೆ ಫೋನು ಮಾಡುವುದು ಆಮೇಲಿನ ಕೆಲಸ.